ಗಣಕಯಂತ್ರ ನಮ್ಮ ಆಯ್ಕೆಯನ್ನು ಏಕೆ ಮರೆಯುತ್ತದೆ?



ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಡೀ ಜಗತ್ತಿಗೆ ತಂತ್ರಾಂಶ ಬರೆದುಕೊಡುವವರಿದ್ದಾರೆ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವವರಿದ್ದಾರೆ. ಅದೇ ಪ್ರದೇಶದ ಮನೆಗಳಲ್ಲಿ, ಸೈಬರ್ ಸೆಂಟರ್‌ಗಳಲ್ಲಿ ಒಂದು ಸಣ್ಣ ತೊಂದರೆ ಬಹಳ ಜನರನ್ನು ಕಾಡುತ್ತದೆ. ಜಾಲತಾಣದಲ್ಲಿ ಕನ್ನಡ ಭಾಷೆ ಆರಿಸುತ್ತೀರಿ. ಮರುದಿನ ತೆರೆದರೆ ಮತ್ತೆ ಇಂಗ್ಲಿಷ್. ವಿದ್ಯಾರ್ಥಿವೇತನದ ಅರ್ಜಿಗೆ ಕುಳಿತರೆ ಪ್ರತಿ ಪುಟಕ್ಕೂ ಲಾಗಿನ್ ಕೇಳುತ್ತದೆ. ಕೊನೆಯ ದಿನಾಂಕ ಹತ್ತಿರ ಬಂದಿರುತ್ತದೆ. "ನಮಗೆ ಕಂಪ್ಯೂಟರ್ ಬರುವುದಿಲ್ಲ" ಎಂದು ಪೋಷಕರು ಕೈಚೆಲ್ಲುತ್ತಾರೆ. ಆದರೆ ದೋಷ ಅವರದಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದು ಕುಕೀಯದು.

ಕುಕೀ ಎಂದರೇನು? ಕಾರ್ಖಾನೆಯ ಗೇಟಿನಲ್ಲಿ ಕೊಡುವ ಪಾಸ್ ಇದ್ದಂತೆ. ಜಾಲತಾಣಕ್ಕೆ ಸ್ವಂತ ನೆನಪಿಲ್ಲ. ನೀವು ತೆರೆಯುವ ಪ್ರತಿ ಪುಟವೂ ಅದಕ್ಕೆ ಹೊಸ ಭೇಟಿಯೇ. ಆದ್ದರಿಂದ ಅದು ಒಂದು ಚಿಕ್ಕ ಚೀಟಿಯನ್ನು ನಿಮ್ಮ ಬ್ರೌಸರ್‌ಗೆ ಕೊಟ್ಟಿರುತ್ತದೆ. ಮುಂದಿನ ಸಲ ಬ್ರೌಸರ್ ಆ ಚೀಟಿ ತೋರಿಸಿದರೆ, "ಇವರಿಗೆ ಕನ್ನಡ ಬೇಕು" ಎಂದು ತಾಣಕ್ಕೆ ತಿಳಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು. ಪಾಸನ್ನು ಸಂಜೆ ಹರಿದು ಹಾಕಿದರೆ ಬೆಳಿಗ್ಗೆ ಮತ್ತೆ ಹೆಸರು ಬರೆಸಬೇಕಲ್ಲವೇ? ಇಲ್ಲಿಯೂ ಹಾಗೆಯೇ.

ಹಾಗಾದರೆ ಪಾಸನ್ನು ಹರಿಯುವವರು ಯಾರು? ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಒಂದೇ ತಾಣದಲ್ಲೋ, ಎಲ್ಲ ತಾಣಗಳಲ್ಲೋ?

ಒಂದೇ ತಾಣದಲ್ಲಾದರೆ ಅದರ ಹಳೆಯ ಕುಕೀ ಕೆಟ್ಟಿರಬಹುದು. ಕ್ರೋಮ್‌ನಲ್ಲಿ ವಿಳಾಸದ ಎಡಭಾಗದ ಚಿಹ್ನೆಯನ್ನು ಒತ್ತಿ, 'ಕುಕೀಸ್ ಅಂಡ್ ಸೈಟ್ ಡೇಟಾ'ದಲ್ಲಿ ಆ ತಾಣದ್ದನ್ನು ಮಾತ್ರ ಅಳಿಸಿ, ಪುಟವನ್ನು ಮತ್ತೆ ತೆರೆದು ಭಾಷೆ ಆರಿಸಿ. ಎಲ್ಲ ಕುಕೀಗಳನ್ನೂ ಅಳಿಸುವ ಆತುರ ಬೇಡ. ಉಳಿದ ತಾಣಗಳ ಲಾಗಿನ್ ಕೂಡ ಹೋಗಿಬಿಡುತ್ತದೆ.

ಎಲ್ಲ ತಾಣಗಳಲ್ಲಾದರೆ ಈ ಕ್ರಮದಲ್ಲಿ ನೋಡಿ.

ಒಂದು, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದೀರಾ? ಮುಚ್ಚಿದ ಕೂಡಲೇ ಅದು ಎಲ್ಲವನ್ನೂ ಮರೆಯುತ್ತದೆ.

ಎರಡು, ಬ್ರೌಸರ್ ಮುಚ್ಚಿದಾಗ ಕುಕೀ ಅಳಿಸುವ ಆಯ್ಕೆ ಚಾಲೂ ಇದೆಯೇ? ಫೈರ್‌ಫಾಕ್ಸ್‌ನಲ್ಲೂ ಕ್ರೋಮ್‌ನಲ್ಲೂ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ' ಭಾಗದಲ್ಲಿ ಇದು ಸಿಗುತ್ತದೆ. ಎಲ್ಲ ಕುಕೀಗಳನ್ನೂ ತಡೆಯುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಮೂರನೆಯವರ, ಅಂದರೆ ಜಾಹೀರಾತುದಾರರಂಥವರ ಕುಕೀ ತಡೆದರೆ ಸಾಮಾನ್ಯವಾಗಿ ಭಾಷೆಯ ಆಯ್ಕೆ ಹಾಳಾಗದು. ಅವನ್ನು ಕ್ರೋಮ್‌ನಿಂದ ಕೈಬಿಡುವ ಯೋಜನೆಯನ್ನು ಗೂಗಲ್ 2024-25ರಲ್ಲಿ ಹಿಂತೆಗೆದುಕೊಂಡಿತು. ಬೇಡವಾದರೆ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮೂರು, 'ಕ್ಲೀನರ್' ತಂತ್ರಾಂಶ ಅಥವಾ ಬ್ರೌಸರ್‌ಗೆ ಸೇರಿಸಿದ ಎಕ್ಸ್‌ಟೆನ್ಷನ್ ಗುಡಿಸಿ ಹಾಕುತ್ತಿದೆಯೇ? ಅದನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ.

ನಾಲ್ಕು, ಗಣಕಯಂತ್ರದ ದಿನಾಂಕ ಸರಿಯಿದೆಯೇ? ಕುಕೀಗೆ ಮುಗಿಯುವ ದಿನಾಂಕ ಇರುತ್ತದೆ. ಹಳೆಯ ಯಂತ್ರದ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತರೆ ದಿನಾಂಕ ತಪ್ಪಿ, ಸುರಕ್ಷಿತ ತಾಣಗಳು ತೆರೆಯದೆ ಹೋಗಬಹುದು, ಕುಕೀಯ ಲೆಕ್ಕವೂ ಕೆಡಬಹುದು. ನಾಣ್ಯದಂತಿರುವ ಆ ಬ್ಯಾಟರಿಗೆ ದೊಡ್ಡ ಬೆಲೆಯಿಲ್ಲ.

ಐದು, ಒಂದು ಬ್ರೌಸರ್‌ನ ಕುಕೀ ಇನ್ನೊಂದಕ್ಕೆ ತಿಳಿಯದು. ಫೇಸ್‌ಬುಕ್ ಒಳಗೇ ತೆರೆದ ಪುಟದಲ್ಲಿ ಮಾಡಿದ ಆಯ್ಕೆ ಕ್ರೋಮ್‌ನಲ್ಲಿ ಸಿಗುವುದಿಲ್ಲ. ಅರ್ಜಿಯನ್ನು ಆರಂಭಿಸಿದ ಬ್ರೌಸರ್‌ನಲ್ಲೇ ಮುಗಿಸಿ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಕಂಪನಿಯ ನಿಯಮವೇ ಕುಕೀ ಅಳಿಸುತ್ತಿರಬಹುದು. ಅದನ್ನು ಮುರಿಯಲು ಹೋಗಬೇಡಿ. ಐಟಿ ವಿಭಾಗವನ್ನು ಕೇಳಿ. ಬಹಳ ಹೊತ್ತು ಸುಮ್ಮನಿದ್ದರೆ ಸುರಕ್ಷತೆಗಾಗಿ ತಾಣವೇ ನಿಮ್ಮನ್ನು ಹೊರಹಾಕುವುದೂ ಉಂಟು. ಆದ್ದರಿಂದ ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಮೊದಲೇ ಸಿದ್ಧಪಡಿಸಿಕೊಂಡು ಕುಳಿತುಕೊಳ್ಳಿ.

ಇಷ್ಟೆಲ್ಲಾ ಸ್ವಂತ ಯಂತ್ರಕ್ಕೆ ಹೇಳಿದ ಮಾತು. ಸೈಬರ್ ಸೆಂಟರ್‌ನಲ್ಲಿ ಇದಕ್ಕೆ ನೇರ ವಿರುದ್ಧ ನಡೆಯಿರಿ. ಲಾಗಿನ್ ಕುಕೀ ಎಂದರೆ ಮನೆಯ ಬೀಗದ ಕೈ. ಅದನ್ನು ಬಿಟ್ಟು ಬಂದರೆ ಮುಂದೆ ಕೂರುವವನು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಖಾತೆ ತೆರೆಯಬಹುದು. ಅಲ್ಲಿ ಇನ್‌ಕಾಗ್ನಿಟೊ ಬಳಸಿ, ಲಾಗ್ ಔಟ್ ಮಾಡಿ, ಕಿಟಕಿ ಮುಚ್ಚಿಯೇ ಏಳಿ. ಅಲ್ಲಿ ಪ್ರತಿ ಸಲ ಭಾಷೆ ಆರಿಸುವ ಶ್ರಮ ಸಣ್ಣದು, ಖಾತೆ ಕಳೆದುಕೊಳ್ಳುವ ನಷ್ಟ ದೊಡ್ಡದು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಒಂದು ಕೋರಿಕೆ. ಇಂದು ಮನೆಗೆ ಹೋದ ಮೇಲೆ ತಾಯಿಯ ಅಥವಾ ನೆರೆಮನೆಯ ಹಿರಿಯರ ಫೋನಿನಲ್ಲಿ ಈ ಆಯ್ಕೆಗಳನ್ನು ಅವರ ಕೈಯಿಂದಲೇ ಸರಿಪಡಿಸಿಸಿ. ನೀವೇ ಕಸಿದುಕೊಂಡು ಮಾಡಿಕೊಟ್ಟರೆ ಅಂದಿನ ಕೆಲಸವಷ್ಟೇ ಆಗುತ್ತದೆ. ಅವರಿಂದ ಮಾಡಿಸಿದರೆ ಮುಂದಿನ ಅರ್ಜಿಯನ್ನು ಅವರೇ ತುಂಬುತ್ತಾರೆ.