ಪಾದಯಾತ್ರಿಯ ಗಂಟು

ಯುಗಾದಿ ಸಮೀಪಿಸುತ್ತಿದ್ದಂತೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಶ್ರೀಶೈಲಕ್ಕೆ ಜನರು ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಂಬಿ ಹೊತ್ತವರೂ ದಾರಿಯಲ್ಲಿ ಕೂಡಿಕೊಳ್ಳುತ್ತಾರೆ. ಬಯಲುಸೀಮೆಯ ಊರೂರಲ್ಲಿ ದಾಸೋಹವಿರುವ ತನಕ ಗಂಟಿನ ಭಾರ ಅಷ್ಟಾಗಿ ತಿಳಿಯದು. ಆತ್ಮಕೂರು ದಾಟಿ, ವೆಂಕಟಾಪುರ, ನಾಗಲೂಟಿ, ಪೆಚ್ಚೆರುವುಗಳ ಮೂಲಕ ನಲ್ಲಮಲದ ಅಡವಿ ಹೊಕ್ಕ ಮೇಲೆ ಹೆಗಲೇ ಬಂಡಿ, ಕಾಲೇ ಎತ್ತು.

ನಾನು ಮೊದಲ ಸಲ ಹೋದಾಗ ಅಧ್ಯಾಪಕ ವೃತ್ತಿಗೆ ಹೊಸಬ. ಕ್ಯಾನ್ವಾಸು ಚೀಲದಲ್ಲಿ ಮೂರು ಜೊತೆ ಬಟ್ಟೆ, ಕಂಬಳಿ, ಹಿತ್ತಾಳೆಯ ತಂಬಿಗೆ, ಸಾಲದ್ದಕ್ಕೆ ಎರಡು ದಪ್ಪ ಪುಸ್ತಕ. ಒಂದೊಂದನ್ನು ತುಂಬುವಾಗಲೂ ‘ಬೇಕಾದೀತು’ ಎಂಬ ಒಂದೇ ಸಮರ್ಥನೆ. ಭೀಮನಕೊಳ್ಳದ ಏರಿನಲ್ಲಿ ಮೊಣಕಾಲು ಸೋತವು. ಅರುವತ್ತು ದಾಟಿದ ಹಿರಿಯರೊಬ್ಬರು ಮಾತಿಲ್ಲದೆ ನನ್ನ ಚೀಲವನ್ನು ತಮ್ಮ ಹೆಗಲಿಗೇರಿಸಿಕೊಂಡರು. ಮೇಲೆ ತಲುಪಿದ ಬಳಿಕ ನಕ್ಕು, “ಮಾಸ್ತರ್‍ರ, ಇದರಾಗ ಸಾಮಾನಕ್ಕಿಂತ ಅಂಜಿಕಿನ ಭಾಳ ಐತ್ರಿ” ಎಂದರು.

ಅಂದು ರಾತ್ರಿ ಅವರ ಗಂಟನ್ನು ಕಂಡೆ. ಉಟ್ಟದ್ದಲ್ಲದೆ ಒಂದೇ ಧೋತರ. ತೆಳುವಾದುದರಿಂದ ಒಗೆದರೆ ಬೇಗ ಒಣಗುವಂಥದು. ಹಾಸಲೂ ಹೊದೆಯಲೂ ಒಂದೇ ಚಾದರ. ಹಗಲು ಅದೇ ತಲೆಗೆ ನೆರಳು. ಹಿತ್ತಾಳೆಗೆ ಬದಲು ಅಲ್ಯುಮಿನಿಯಮ್ಮಿನ ಚಂಬು. ಆಹಾರಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿಯ ನೀರನ್ನು ಒಲೆಯ ಬಳಿಯೇ ಕಳೆದುಬಿಟ್ಟರೆ ಅದು ಹಗುರಾಗುತ್ತದೆ, ಬೂಸು ಹಿಡಿಯದೆ ದಿನಗಟ್ಟಲೆ ಉಳಿಯುತ್ತದೆ. ಇಂದು ಪರ್ವತಾರೋಹಿಗಳು ಬೆಲೆ ತೆತ್ತು ಕೊಳ್ಳುವ ಒಣ ಆಹಾರದ ತತ್ತ್ವವೂ ಇದೇ. ನಮ್ಮ ತಾಯಂದಿರು ಅದನ್ನು ಹೆಂಚಿನ ಮೇಲೆ ಸಾಧಿಸಿದ್ದರು.

ಇಂಥ ವಿವೇಕ ನಮ್ಮಲ್ಲಿ ಮಾತ್ರ ಇದೆಯೆಂದಲ್ಲ. ಅಮೆರಿಕೆಯ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ಅಪಲೇಚಿಯನ್ ಬೆಟ್ಟದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಡೇರೆ ಇರಲಿಲ್ಲ. ತಾವೇ ಹೊಲಿದ ಹೆಗಲಚೀಲದಲ್ಲಿ ಒಂದು ಕಂಬಳಿ, ಮಳೆಗೆ ಮರೆಯಾಗಿ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಆ ಚೀಲಕ್ಕೂ ನಮ್ಮ ಹಿರಿಯರ ಗಂಟಿಗೂ ದೂರದ ನೆಂಟಸ್ತನವಿದೆ.

ಹಗುರವೆಂದರೆ ಎಲ್ಲವನ್ನೂ ಬಿಡುವುದಲ್ಲ. ಒಂದು ಲೀಟರು ನೀರು ಒಂದು ಕಿಲೋ ತೂಗುತ್ತದೆ. ಆದರೂ ಬೇಸಗೆಯ ಅಡವಿಯಲ್ಲಿ ನೀರಿಗೆ ಜಿಪುಣತನ ಸಲ್ಲದು. ಔಷಧವನ್ನೂ, ಕಾಲಿಗೆ ಒಗ್ಗಿದ ಪಾದರಕ್ಷೆಯನ್ನೂ ಬಿಡಬಾರದು. ಉಳಿದುದನ್ನು ಹೊರಡುವ ಮುನ್ನ ತಕ್ಕಡಿಗೆ ಹಾಕಿ ನೋಡಬೇಕು. ಒಂದೇ ವಸ್ತು ಎರಡು ಕೆಲಸಕ್ಕೆ ಬರುವಂತಿದ್ದರೆ ಎರಡನೆಯದನ್ನು ತೆಗೆದಿಡಬೇಕು. ಮರಳಿ ಬಂದಾಗ ಗಂಟು ಬಿಚ್ಚಿ, ಮುಟ್ಟದೆಯೇ ಉಳಿದುದು ಯಾವುದೆಂದು ಬರೆದಿಟ್ಟುಕೊಳ್ಳಬೇಕು. ನನ್ನ ಪಟ್ಟಿಯಲ್ಲಿ ಮೊದಲು ಬಂದವು ಆ ಎರಡು ಪುಸ್ತಕಗಳೇ.

ಮರುವರ್ಷ ನನ್ನ ಚೀಲ ಅರ್ಧಕ್ಕಿಳಿದಿತ್ತು. ತೋರಿಸೋಣವೆಂದರೆ ಆ ಹಿರಿಯರು ಬಂದಿರಲಿಲ್ಲ. ಮಾಘ ಮಾಸದಲ್ಲೇ ತೀರಿಕೊಂಡಿದ್ದರು. ಭೀಮನಕೊಳ್ಳದ ಅದೇ ಏರಿನಲ್ಲಿ ಒಬ್ಬ ಹುಡುಗ ತನ್ನ ಭಾರಕ್ಕೆ ಬಾಗಿ ಕುಳಿತಿದ್ದ. ಅವನ ಚೀಲವನ್ನೂ ಎತ್ತಿಕೊಳ್ಳಲು ನನ್ನ ಹೆಗಲಿನಲ್ಲಿ ಅಂದು ಜಾಗವಿತ್ತು. ನಾವು ಹೊರಲಾರದೆ ಹೊತ್ತದ್ದು ಕಡೆಗೆ ಮತ್ತೊಬ್ಬರ ಹೆಗಲಿಗೇ ಬೀಳುತ್ತದೆ ಎಂಬುದನ್ನು ನಾನು ಕಲಿತದ್ದು ಆ ದಾರಿಯಲ್ಲಿ.