ಯಂತ್ರ ತೊಳೆಯುತ್ತದೆ, ಕೊಡಬೇಕಾದವರು ನಾವು



ಒಂದು ಜೀವ ಉಳಿಸುವುದರ ಮಹತ್ವ ಹೇಳುವ ಸೂರಃ ಅಲ್ ಮಾಇದದ 32ನೇ ಆಯತ್ ಅನ್ನು ನಾವು ಮಿಂಬರಿನಿಂದ ಎಷ್ಟೋ ಬಾರಿ ಕೇಳಿದ್ದೇವೆ. ಹೆಸರು ಬರೆಸಿ ಎಂದಾಗ ಮಾತ್ರ ಹಿಂಜರಿಯುತ್ತೇವೆ.

ಥಲಸ್ಸೇಮಿಯಾ, ರಕ್ತದ ಕ್ಯಾನ್ಸರ್ ಇರುವ ಎಷ್ಟೋ ಮಕ್ಕಳಿಗೆ ಬೇರೊಬ್ಬರ ರಕ್ತದ ಸ್ಟೆಮ್ ಸೆಲ್ ಬೇಕು. ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ತೆಗೆದ ಕೋಶಗಳನ್ನು ಬಹುಕಾಲ ಕಾಯ್ದಿಡಲು ಡಿಎಂಎಸ್‌ಓ ಎಂಬ ದ್ರವ ಬೆರೆಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಕರಗಿಸಿ ಕೊಡುವಾಗ ಆ ದ್ರವವೇ ರೋಗಿಗೆ ವಾಂತಿ, ರಕ್ತದೊತ್ತಡದ ಏರುಪೇರು ತರಬಹುದು. ಅದನ್ನು ತೊಳೆದು ತೆಗೆಯುವ ಯಂತ್ರಗಳು ಈಗ ಇವೆ. ಹೊರಗಿನ ಗಾಳಿ ಸೋಕದಂತೆ ಮುಚ್ಚಿದ ಚೀಲಗಳಲ್ಲೇ ಕೆಲಸ ಮುಗಿಯುತ್ತದೆ. ತೊಳೆಯುವಾಗ ಒಂದಷ್ಟು ಕೋಶಗಳು ನಷ್ಟವಾಗುವುದೂ ಉಂಟು.

ಆದರೆ ಯಾವ ಯಂತ್ರದಲ್ಲೂ ಈ ಕೋಶಗಳು ಹುಟ್ಟುವುದಿಲ್ಲ. ಒಂದೇ ಮೂಲದ ಜನರಲ್ಲಿ ಹೊಂದಾಣಿಕೆ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಮಹಲ್ಲಾಗಳ ಮಗುವಿಗೆ ನಮ್ಮವರೇ ಸಿಕ್ಕಾರು, ಹೆಸರು ಪಟ್ಟಿಯಲ್ಲಿದ್ದರೆ. ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಯ ನೋಂದಣಿಗೆ ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಒರೆಸಿದ ಮಾದರಿ ಸಾಕು. ಕಿಟ್ ಮನೆಗೇ ಬರುತ್ತದೆ. ಮಗ ಬಲಹೀನನಾದಾನು ಎಂದು ತಾಯಂದಿರು ಹೆದರಬೇಕಿಲ್ಲ. ಹೆಚ್ಚಾಗಿ ತೋಳಿನ ರಕ್ತದಿಂದಲೇ ತೆಗೆಯುತ್ತಾರೆ. ಕೊಟ್ಟದ್ದು ಕೆಲವೇ ವಾರಗಳಲ್ಲಿ ಮೈಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.