ಆ ಸಭೆಗೆ ಯಾರೂ ಕರೆಯದವರು

ಪದವೀಧರ ಮಿತ್ರರೇ,

ನಿಮ್ಮಲ್ಲಿ ಹಲವರು 2020ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ಮಾರ್ಚ್ ಕೊನೆಯಲ್ಲಿ ಆಗಬೇಕಿದ್ದ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಬಾಗಿಲಲ್ಲಿ ಹಣೆಗೆ ಸ್ಕ್ಯಾನರ್ ಹಿಡಿಸಿಕೊಂಡು, ಮಾಸ್ಕ್ ಹಾಕಿಕೊಂಡು, ಒಬ್ಬರಿಂದೊಬ್ಬರು ದೂರ ಕೂತು ಸುಮಾರು 8 ಲಕ್ಷ ಮಕ್ಕಳು ಪರೀಕ್ಷೆ ಬರೆದಿರಿ. ಆಮೇಲೆ ಪಿಯುಸಿ. ಪಾಠ ಫೋನಿನಲ್ಲಿ. ಮನೆಗೆ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ರಾತ್ರಿ ಅದು ಕೈಗೆ ಸಿಕ್ಕಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದಾಗ ಡೇಟಾ ಇಲ್ಲ. ಹಾಗೆ ಓದಿ ಇಲ್ಲಿಯವರೆಗೆ ಬಂದ ನಿಮ್ಮ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ಹತ್ತನೇ ತರಗತಿಯಲ್ಲಿ ನಿಮ್ಮ ಬೆಂಚಿನಲ್ಲಿ ಕೂತಿದ್ದವರೆಲ್ಲ ಇಂದು ಇಲ್ಲಿಲ್ಲ. ಒಬ್ಬಳಿಗೆ ಶಾಲೆ ಮುಚ್ಚಿದ್ದ ತಿಂಗಳುಗಳಲ್ಲೇ ಮದುವೆಯಾಯಿತು. ಒಬ್ಬ ಅಪ್ಪನ ಜತೆ ಗುಳೆ ಹೋದವನು ಪುಸ್ತಕಕ್ಕೆ ಮರಳಲಿಲ್ಲ. ಅವರು ನಿಮಗಿಂತ ದಡ್ಡರಾಗಿರಲಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇವತ್ತು ಆ ಕೋವಿಡ್ ಕಾಲದ ಬಗ್ಗೆಯೇ ಮಾತಾಡುತ್ತೇನೆ. ಹಳೆಯ ಗಾಯ ಕೆರೆಯುವುದು ನನ್ನ ಉದ್ದೇಶವಲ್ಲ. ನಿಮ್ಮಲ್ಲಿ ಅನೇಕರು ನಾಳೆ ಆದೇಶ ಬರೆಯುವವರು, ಅರ್ಜಿ ನಮೂನೆ ಸಿದ್ಧಪಡಿಸುವವರು, ಪಟ್ಟಿ ಮಾಡುವವರು. ಆ ಕೆಲಸ ಬಡವರ ಬದುಕಿನ ಮೇಲೆ ಹೇಗೆ ಬಂದು ಬೀಳುತ್ತದೆ ಎಂಬುದನ್ನು ಆ ಎರಡು ವರ್ಷಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ಬೇರೆಂದೂ ಕಂಡಿಲ್ಲ.

2020ರ ಮಾರ್ಚ್ 24, ಮಂಗಳವಾರ. ರಾತ್ರಿ 8 ಗಂಟೆಗೆ ಪ್ರಧಾನಿಯವರ ಘೋಷಣೆ, ಮಧ್ಯರಾತ್ರಿಯಿಂದ 21 ದಿನ ದೇಶವೆಲ್ಲ ಬಂದ್. ನಡುವೆ ಇದ್ದದ್ದು 4 ಗಂಟೆ. ತಿಂಗಳ ಸಂಬಳದವರು ಅಷ್ಟರಲ್ಲಿ ಅಂಗಡಿಗೆ ಓಡಿ ಬೇಳೆ, ಔಷಧಿ ತಂದುಕೊಂಡರು. ಶನಿವಾರದ ಬಟವಾಡೆ ನಂಬಿ ಬದುಕುವವರಿಗೆ ಕೂಲಿ ಕೈಗೆ ಬರಲು ಇನ್ನೂ ನಾಲ್ಕು ದಿನ ಬಾಕಿಯಿತ್ತು. ವೈರಸ್ಸಿಗೆ ಜಾತಿ ಇಲ್ಲ, ಬಡವ ಬಲ್ಲಿದ ಎಂಬ ಭೇದವಿಲ್ಲ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ವೈರಸ್ಸಿಗೆ ಇರಲಿಲ್ಲ, ನಿಜ. ನಾವು ಹೊರಡಿಸಿದ ಆದೇಶಗಳಿಗೆ ಇತ್ತು.

ನಾನಾಗ ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿದ್ದೆ. ನಮ್ಮ ರಸ್ತೆಯ ಕೊನೆಗೆ ಅಪಾರ್ಟ್‌ಮೆಂಟ್ ಏಳುತ್ತಿತ್ತು, ಅದರ ಪಕ್ಕದಲ್ಲಿ ತಗಡಿನ ಶೆಡ್ಡುಗಳು. ಒಂದು ಸಾಲಿನಲ್ಲಿ ಯಾದಗಿರಿ, ದೇವದುರ್ಗದ ಕಡೆಯವರು, ಇನ್ನೊಂದರಲ್ಲಿ ಬಿಹಾರ, ಒಡಿಶಾದವರು. ಮೇಸ್ತ್ರಿಯ ಫೋನು ಸ್ವಿಚ್ ಆಫ್. ಕಚೇರಿಯೊಂದರಿಂದ ಬರುತ್ತಿದ್ದ ದಿನಸಿ ಕಿಟ್ಟುಗಳನ್ನು ಹಂಚಲು ನಾವು ಕೆಲವರು ಅಲ್ಲಿಗೆ ಹೋಗುತ್ತಿದ್ದೆವು. ಪ್ರತಿ ಕಿಟ್ಟಿನಲ್ಲೂ ಅಕ್ಕಿ, ತೊಗರಿಬೇಳೆ, ಎಣ್ಣೆ. ಕೊಡುವಾಗ ಒಂದು ಫೋಟೊ ತೆಗೆದು ಕಳಿಸಬೇಕಿತ್ತು. ಫೋಟೊ ಎಂದೊಡನೆ ಹೆಂಗಸರು ತಲೆಯ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ದುಡಿದು ತಿಂದವರಿಗೆ ಕೈಯೊಡ್ಡಿದ ಚಿತ್ರ ಊರಿನವರ ಕಣ್ಣಿಗೆ ಬಿದ್ದೀತೆಂಬ ಹೆದರಿಕೆ.

ದೇವದುರ್ಗದ ಕಡೆಯ ಹೆಣ್ಣುಮಗಳೊಬ್ಬಳು ಕಿಟ್ಟು ತೆಗೆದುಕೊಂಡು ಮೆಲ್ಲಗೆ ಹೇಳಿದಳು: “ಅಕ್ಕಾರ, ಅಕ್ಕಿ ಕೊಟ್ರಿ, ನಿಮಗ ಒಳ್ಳೇದಾಗ್ಲಿ. ಆದ್ರ ಕಟ್ಟಿಗಿ ಎಲ್ಲಿಂದ ತರೂನ್ರಿ? ಜ್ವಾಳದ ಹಿಟ್ಟು ಸಿಕ್ಕಿದ್ರ ಒಂದು ಸಲ ಒಲಿ ಹಚ್ಚಿ ರೊಟ್ಟಿ ಬಡದು ಎರಡು ದಿನಾ ಉಣ್ಣತಿದ್ವಿ.” ಸೈಟಿನ ಸೆಂಟ್ರಿಂಗ್ ಹಲಗೆಯ ಚೂರುಗಳೇ ಅವರ ಉರುವಲು. ಸೈಟಿಗೆ ಬೀಗ ಬಿದ್ದಿತ್ತು. ರೇಷನ್ ಕಾರ್ಡು ಊರಲ್ಲಿ ಅತ್ತೆಯ ಹತ್ತಿರ. ಉರುವಲು, ಹಿಟ್ಟು, ಒಂದು ರೊಟ್ಟಿ ಎಷ್ಟು ದಿನ ತಡೆಯುತ್ತದೆ ಎಂಬ ಲೆಕ್ಕ, ಎಲ್ಲವೂ ಅವಳ ಬಳಿ ಅಚ್ಚುಕಟ್ಟಾಗಿತ್ತು. ಕಿಟ್ಟಿನ ಪಟ್ಟಿ ಮಾಡಿದ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳುವುದಕ್ಕೆ ಖರ್ಚೇನೂ ಇರಲಿಲ್ಲ.

ಈಗ ಒಂದು ಸಭೆಯ ಮಾತು. ಮೇ ತಿಂಗಳ ಆರಂಭದಲ್ಲಿ ವಲಸೆ ಕಾರ್ಮಿಕರನ್ನು ಊರಿಗೆ ಮುಟ್ಟಿಸುವ ಶ್ರಮಿಕ್ ವಿಶೇಷ ರೈಲುಗಳು ಓಡತೊಡಗಿದವು. ತಮ್ಮ ಸರದಿಗಾಗಿ ಸಾವಿರಾರು ಜನ ಬೆಂಗಳೂರಿನಲ್ಲಿ ಕಾಯುತ್ತಿದ್ದರು. ಮೇ 5ರಂದು ರಾಜ್ಯ ಸರ್ಕಾರ ಬಿಲ್ಡರುಗಳ ಜತೆ ಸಭೆ ನಡೆಸಿತು. ಅದರ ಬೆನ್ನಿಗೇ, ಮರುದಿನದಿಂದ ರೈಲು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ಕಾಮಗಾರಿ ಮತ್ತೆ ಶುರುವಾಗಲಿದೆ, ಕಾರ್ಮಿಕರು ಇಲ್ಲೇ ಇರಲಿ ಎಂಬುದು ವಾದ. ದೇಶವೆಲ್ಲ ಟೀಕಿಸಿದ ಮೇಲೆ ಕೆಲವೇ ದಿನಗಳಲ್ಲಿ ನಿರ್ಧಾರ ಬದಲಾಯಿತು. ಅಷ್ಟರಲ್ಲಿ ಎಷ್ಟೋ ಜನ ಹೆಗಲಿಗೆ ಚೀಲ ಏರಿಸಿ ಹೆದ್ದಾರಿ ಹಿಡಿದಿದ್ದರು. ಆ ಸಭೆಯಲ್ಲಿ ಕುಳಿತವರು ಕ್ರೂರಿಗಳಾಗಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ಮನೆಗೆ ಹೋಗಬೇಕೋ ಬೇಡವೋ ಎಂದು ತೀರ್ಮಾನವಾಗುತ್ತಿದ್ದುದು ಯಾರ ಬಗ್ಗೆಯೋ, ಅವರಲ್ಲಿ ಒಬ್ಬರನ್ನಾದರೂ ಆ ಸಭೆಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಅನ್ಯಾಯ ಎಂದು ನಾನು ಕರೆಯುವುದು ಇದನ್ನು. ಅದಕ್ಕೆ ದ್ವೇಷ ಬೇಕಿಲ್ಲ, ಎದುರಿಗಿರುವ ಮನುಷ್ಯ ಕಾಣಿಸದಿದ್ದರೆ ಸಾಕು.

ಅದೇ ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಬಳಿ, ಹಳಿಗುಂಟ ನಡೆದು ದಣಿದು ಅಲ್ಲೇ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂತು, ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರೆಷ್ಟು? ಅಂಥ ಅಂಕಿಅಂಶ ಇಟ್ಟಿಲ್ಲ ಎಂದು ಕೇಂದ್ರ ಸರ್ಕಾರ ಲಿಖಿತ ಉತ್ತರ ಕೊಟ್ಟಿತು. ಅಂಕಿಯಿಲ್ಲದ ಮೇಲೆ ಪರಿಹಾರದ ಪ್ರಶ್ನೆಯೂ ಇಲ್ಲ. ಸಂಖ್ಯಾಶಾಸ್ತ್ರ ಓದಿದವರು ಇಲ್ಲಿದ್ದೀರಿ. ಲೆಕ್ಕಕ್ಕೆ ಬಾರದ ಸಾವು ಕಾನೂನಿನ ಕಣ್ಣಿಗೆ ಆಗದೇ ಇರುವ ಸಾವು ಎಂಬುದನ್ನು ದಯವಿಟ್ಟು ನೆನಪಿಡಿ.

ಕಾನೂನು ಇರಲಿಲ್ಲವೇ? ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂದಿತ್ತು. ಆದರೆ ಅದು ರಾಜ್ಯದ ಗಡಿ ದಾಟಿದವರಿಗೆ. ಯಾದಗಿರಿಯಿಂದ ಬೆಂಗಳೂರಿಗೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು ಆ ಕಾಯ್ದೆಯ ಕಣ್ಣಿನಲ್ಲಿ ವಲಸಿಗರೇ ಆಗಿರಲಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇತ್ತು. ಕಟ್ಟಡ ವೆಚ್ಚದ ಮೇಲಿನ ಸೆಸ್ ಹಣ ಅದರ ಬಳಿಯಿತ್ತು. ನೋಂದಾಯಿತರಿಗೆ ₹5,000 ನೆರವು ಘೋಷಣೆಯಾಯಿತು, ಒಳ್ಳೆಯದೇ. ಆದರೆ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದ ದಾಖಲೆ ಬೇಕು. ಮೂರು ತಿಂಗಳಲ್ಲಿ ಮೂರು ಸೈಟು ಬದಲಿಸುವವಳಿಗೆ ಆ ಕಾಗದಕ್ಕೆ ಸಹಿ ಹಾಕುವವರು ಯಾರು? ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಏರಿಸಲು ಅನುಮತಿ ಕೊಟ್ಟಿತು. ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಹಿಂಪಡೆಯಿತು. ವಾರಕ್ಕೆ 48 ಗಂಟೆಯ ಮಿತಿಗಾಗಿ ಕಾರ್ಮಿಕ ಖಾತೆಯ ಹೊಣೆ ಹೊತ್ತಿದ್ದ ಅಂಬೇಡ್ಕರರು 1940ರ ದಶಕದಲ್ಲಿ ಎಷ್ಟು ಹೆಣಗಿದ್ದರೆಂಬುದು ಆ ಆದೇಶ ಬರೆದವರ ನೆನಪಿಗೆ ಬರಬೇಕಿತ್ತು.

ಮಾರ್ಚ್ 22ರ ಸಂಜೆ ನಾವೆಲ್ಲ ಆರೋಗ್ಯ ಸೇನಾನಿಗಳಿಗಾಗಿ ತಟ್ಟೆ ಬಡಿದೆವು. ಜುಲೈ ಹೊತ್ತಿಗೆ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ ₹12,000 ನಿಶ್ಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಬೇಕಾಯಿತು. ಮನೆಮನೆ ಸಮೀಕ್ಷೆ ಮಾಡುತ್ತ, ಕ್ವಾರಂಟೈನ್ ಮನೆಗಳ ಬಾಗಿಲು ತಟ್ಟುತ್ತ, ಬೈಗುಳ ತಿಂದವರು ಅವರು. ನಿಮ್ಮ ಪೈಕಿ ಯಾರ ತಾಯಿಯಾದರೂ ಆಶಾ ಆಗಿದ್ದರೆ, ಅಮ್ಮಾ, ನಿಮಗೆ ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ಸರ್ಕಾರವನ್ನಷ್ಟೇ ದೂರಿದರೆ ಸತ್ಯ ಅರ್ಧವಾಗುತ್ತದೆ. ಊರೂರುಗಳಲ್ಲಿ ರಸ್ತೆಗೆ ಮುಳ್ಳುಬೇಲಿ ಎಳೆದವರು ನಮ್ಮ ಜನರೇ. ಪಟ್ಟಣಗಳಲ್ಲಿ ಮನೆಗೆಲಸದವರಿಗೆ ಗೇಟು ಮುಚ್ಚಿ, ಆ ತಿಂಗಳ ಸಂಬಳವನ್ನೂ ಹಿಡಿದವರು ಓದಿದವರೇ. ಮುಟ್ಟದೆ ದೂರ ನಿಲ್ಲಿಸುವ ಅಭ್ಯಾಸ ನಮ್ಮ ಕೇರಿಗಳಿಗೆ ಹೊಸದಾಗಿರಲಿಲ್ಲ. ಎರಡನೇ ಅಲೆಯಲ್ಲಿ ಬಂಧುಗಳೂ ಮುಟ್ಟಲು ಹೆದರಿದ ಹೆಣಗಳನ್ನು ಹೊತ್ತು ಸುಟ್ಟ ಚಿತಾಗಾರದ ಕೆಲಸಗಾರರು ಹೆಚ್ಚಾಗಿ ಯಾವ ಕೇರಿಯವರೆಂದು ನಿಮಗೆ ನಾನು ಹೇಳಬೇಕಿಲ್ಲ.

ಒಂದು ಸಂಗತಿ ಮಾತ್ರ ನನಗೆ ಧೈರ್ಯ ಕೊಟ್ಟಿತು. ಆ ಬೇಸಿಗೆಯಲ್ಲಿ ಗುಳೆ ಹೋದವರು ತಮ್ಮ ಹಳ್ಳಿಗಳಿಗೆ ಮರಳಿದಾಗ, ಅವರ ಕೈಹಿಡಿದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. ದಿನಕ್ಕೆ ₹275 ಕೂಲಿ. ಕೆರೆ ಹೂಳೆತ್ತಿದರು, ಹೊಲಕ್ಕೆ ಬದು ಹಾಕಿದರು. ಅಲ್ಲಿ ಕಿಟ್ಟಿರಲಿಲ್ಲ, ಫೋಟೊ ಇರಲಿಲ್ಲ. ಕೆಲಸ ಕೇಳುವುದು ಅವರ ಹಕ್ಕು, ಕೊಡುವುದು ಪಂಚಾಯಿತಿಯ ಹೊಣೆ ಎಂದು ಕಾಗದದಲ್ಲೇ ಇತ್ತು. ಅನೇಕ ಕಡೆ ಕೂಲಿ ತಡವಾಗಿ ಬಂತು, ನಿಜ. ಆದರೂ ಮೊದಲೇ ಯೋಚಿಸಿ, ದುಡಿಯುವವರ ಸಂಘಟನೆಗಳ ಮಾತು ಕೇಳಿ ಬರೆದ ಕಾನೂನು ಕಷ್ಟಕಾಲದಲ್ಲಿ ಎಷ್ಟು ಭಾರ ಹೊರಬಲ್ಲದೆಂದು ಅಂದು ಕಂಡೆ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದಲ್ಲ, ನಿರ್ದಿಷ್ಟವಾದದ್ದು. ಈ ವರ್ಷವೂ ನಿಮ್ಮ ತಾಲ್ಲೂಕಿನಿಂದ ಗುಳೆ ಬಸ್ಸುಗಳು ಹೊರಡುತ್ತವೆ. ಹೊರಡುವ ಮುನ್ನ ನಿಮ್ಮ ಓಣಿಯಲ್ಲಿ ನಾಲ್ಕು ಮನೆಗೆ ಹೋಗಿ. ಇ-ಶ್ರಮ್ ಕಾರ್ಡು ಆಗಿದೆಯೇ, ಕಟ್ಟಡ ಕಾರ್ಮಿಕರ ನೋಂದಣಿ ಚಾಲ್ತಿಯಲ್ಲಿದೆಯೇ, ಬೆಂಗಳೂರಿನಲ್ಲೇ ರೇಷನ್ ಪಡೆಯಬಹುದೆಂದು ಅವರಿಗೆ ಗೊತ್ತಿದೆಯೇ, ಮಕ್ಕಳು ಯಾರ ಬಳಿ ಉಳಿಯುತ್ತಾರೆ ಎಂದು ವಿಚಾರಿಸಿ, ಅರ್ಜಿ ತುಂಬಿಕೊಡಿ. ಶಾಲೆ ಬಿಟ್ಟ ಆ ನಿಮ್ಮ ಬೆಂಚಿನ ಗೆಳತಿಗೆ ಫೋನ್ ಮಾಡಿ, ಹೊರ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಲು ಸಾಧ್ಯವೇ ಎಂದು ಅವಳ ಜತೆ ಕೂತು ನೋಡಿ. ನಾಳೆ ಕಾರ್ಮಿಕ ನಿರೀಕ್ಷಕರೋ ಪಿಡಿಒಗಳೋ ಆದಾಗ, ಮುಂದಿನ ಬಿಕ್ಕಟ್ಟಿನ ಸಭೆಗೆ ಆ ಶೆಡ್ಡಿನ ಹೆಣ್ಣುಮಗಳನ್ನೂ ಕರೆಸಿ, ಹೋಗಿಬರುವ ಬಸ್ ಚಾರ್ಜು, ಆ ದಿನದ ಕೂಲಿ ಕೊಟ್ಟೇ ಕರೆಸಿ.